ಖಂಡೇನವಮಿಗೆ ಆರಿಸಿದ ಕಂಪ್ಯೂಟರ್

ಕಸ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮನೆಯ ಕಸವಲ್ಲ; ಅದು ವಾರಗಟ್ಟಲೆ ಬಿದ್ದಿದ್ದರೂ ನನ್ನ ಕಣ್ಣಿಗೆ ಬೀಳುವುದಿಲ್ಲ, ಬೇಕಾದರೆ ನನ್ನ ಗಂಡ ರಾಜೀವನನ್ನು ಕೇಳಿ. ನಾನು ಹೇಳುತ್ತಿರುವುದು ಕಂಪ್ಯೂಟರಿನೊಳಗಿನ ಕಸ. ಹುಟ್ಟಿದ್ದು ಧಾರವಾಡ, ಕೊಟ್ಟಿದ್ದು ಪುಣೆಗೆ, ಹದಿನೆಂಟು ವರ್ಷದಿಂದ ಪಿಂಪ್ರಿ-ಚಿಂಚವಾಡದ ಸಣ್ಣ ಪುಟ್ಟ ವರ್ಕ್‌ಶಾಪುಗಳ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಸ್ಕೂಟರಿನ ಡಿಕ್ಕಿಯಲ್ಲಿ ಸ್ಕ್ರೂಡ್ರೈವರು, ಪರ್ಸಿನಲ್ಲಿ ನಾಲ್ಕು ಪೆನ್‌ಡ್ರೈವು. ಎಲ್ಲರೂ ನನಗೆ ನೀಲಿಮಾಬಾಯಿ ಅನ್ನುತ್ತಾರೆ. ಬೆನ್ನ ಹಿಂದೆ ಏನನ್ನುತ್ತಾರೋ ಗೊತ್ತಿಲ್ಲ. ನನ್ನ ಬಾಯಿ ಸ್ವಲ್ಪ ಜೋರು.

ವಿಂಡೋಸ್‌ನಲ್ಲಿ ರಿಜಿಸ್ಟ್ರಿ ಎಂಬ ದಫ್ತರವೊಂದಿದೆ. ಯಾವ ಸಾಫ್ಟ್‌ವೇರ್ ಒಳಗೆ ಬಂದರೂ ತನ್ನ ಹೆಸರು, ಠಿಕಾಣಿ, ಬೇಕು ಬೇಡಗಳನ್ನೆಲ್ಲ ಅದರಲ್ಲಿ ಬರೆದಿಡುತ್ತದೆ. ತೆಗೆದುಹಾಕಿದಾಗ ಎಲ್ಲವನ್ನೂ ಅಳಿಸಿಕೊಂಡು ಹೋಗಬೇಕು. ಹೋಗುವುದಿಲ್ಲ. ಮನೆ ಖಾಲಿ ಮಾಡಿದ ಬಾಡಿಗೆದಾರ ಗೋಡೆಯಲ್ಲಿ ಮೊಳೆ, ಹಳೇ ಕ್ಯಾಲೆಂಡರು, ಬಚ್ಚಲಲ್ಲಿ ಸೋಪಿನ ಚೂರು ಬಿಟ್ಟು ಹೋಗುತ್ತಾನಲ್ಲ, ಹಾಗೆ. ಆಮೇಲೆ ಅಲ್ಲಿಲ್ಲದವನ ಹೆಸರಿಗೆ ಟಪಾಲು ಬರುತ್ತಲೇ ಇರುತ್ತದೆ: ಆ ಫೈಲು ಸಿಗಲಿಲ್ಲ, ಈ ಫೈಲು ಕಾಣೆಯಾಗಿದೆ. ಇಂಥ ಟಪಾಲು ನಿಲ್ಲಿಸುವುದು ನನ್ನ ಕೆಲಸಗಳಲ್ಲಿ ಒಂದು, ಮತ್ತು ನಿಜ ಹೇಳಬೇಕೆಂದರೆ ನನಗೆ ಅತಿ ಇಷ್ಟವಾದದ್ದು.

ನವರಾತ್ರಿಯ ಅಷ್ಟಮಿಯ ದಿನ ದಿಗಂಬರ ಅವರ ಭೋಸರಿಯ ವರ್ಕ್‌ಶಾಪಿಗೆ ಹೋಗಿದ್ದೂ ಇದಕ್ಕೇ. ದಿಗಂಬರರ ಅಜ್ಜ ಬೆಳಗಾವಿಯಿಂದ ಬಂದವರು. ಮೂರನೇ ತಲೆಮಾರಾದರೂ ಮನೆಯಲ್ಲಿ ಕನ್ನಡ ಉಳಿದಿದೆ. ಅವರ ಹತ್ತಿರ ಲೇಸರಿನಿಂದ ಉಕ್ಕಿನ ತಗಡು ಕತ್ತರಿಸುವ ದೊಡ್ಡ ಮಷೀನು ಇದೆ. ಆ ಮಷೀನಿಗೆ ಏನು ಕತ್ತರಿಸಬೇಕೆಂದು ಹೇಳುವುದು ಗಾಜಿನ ಕ್ಯಾಬಿನ್ನಿನಲ್ಲಿರುವ ಒಂದು ಹಳೇ ಕಂಪ್ಯೂಟರು. ಮಳೆಗಾಲದಲ್ಲಿ ಅದರಲ್ಲಿದ್ದ ಹಳೆಯ ಕಟಿಂಗ್ ಸಾಫ್ಟ್‌ವೇರ್ ತೆಗೆದು, ಅದೇ ಕಂಪನಿಯ ಹೊಸದನ್ನು ಹಾಕಿದ್ದರು. ಅಂದಿನಿಂದ ಅರ್ಧ ಗಂಟೆಗೊಮ್ಮೆ ಪರದೆಯ ನಟ್ಟನಡುವೆ ಒಂದು ಪೆಟ್ಟಿಗೆ ತೆರೆದುಕೊಂಡು, ಹಳೆಯದರ ಫೈಲು ಸಿಗುತ್ತಿಲ್ಲವೆಂದು ಗೋಳಾಡುತ್ತಿತ್ತು.

ಮೌಸು ಹಿಡಿದು ಕೂತಿದ್ದವನು ಜಟ್ಟೆಪ್ಪ. ಅಫಜಲಪುರದ ಕಡೆಯವನು, ಮೂವತ್ತು ಮೂವತ್ತೆರಡರ ವಯಸ್ಸು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಐದು ವರ್ಷ ಇದೇ ವರ್ಕ್‌ಶಾಪಿನಲ್ಲಿ ತಗಡು ಹೊತ್ತಿದ್ದ. ಮೂರು ತಿಂಗಳ ಹಿಂದೆ ದಿಗಂಬರ ಅವನನ್ನು ಕರೆದು ಈ ಕುರ್ಚಿಯ ಮೇಲೆ ಕೂಡಿಸಿದ್ದರು. ಹೆಂಡತಿ ಶಿವಕಾಂತಾ ವರ್ಕ್‌ಶಾಪು ಗುಡಿಸುತ್ತಿದ್ದಳು. ಇಬ್ಬರೂ ವರ್ಕ್‌ಶಾಪಿನ ಹಿಂದಿನ ತಗಡಿನ ಖೋಲಿಯಲ್ಲೇ ಇದ್ದರು. ಕುರ್ಚಿಯ ಮೇಲೆ ಅವನು ಪೂರ್ತಿ ಕೂರುತ್ತಿರಲಿಲ್ಲ, ತುದಿಯಲ್ಲಿ ಕೂರುತ್ತಿದ್ದ.

“ಅಕ್ಕಾರ, ಇದು ಅರ್ಧಾ ತಾಸಿಗೊಮ್ಮಿ ಬರತದರಿ,” ಎಂದ. “ನಾ ಓಕೆ ಒತ್ತತೀನಿ, ಹೋಗತದ. ಮತ್ತ ಬರತದ. ಏನ ಬೇಡಕತ್ಯಾದೋ ಏನೋ.”

“ಏನೂ ಬೇಡವಲ್ಲದು. ಸತ್ತವರ ಹೆಸರ ಹಿಡದು ಕೂಗಲಿಕತ್ತದ,” ಎಂದೆ. ಅವನು ನಕ್ಕು ಕುರ್ಚಿ ಬಿಟ್ಟುಕೊಟ್ಟ.

ಆ ಪೆಟ್ಟಿಗೆಯನ್ನು ನಿಲ್ಲಿಸುವುದು ಎರಡು ನಿಮಿಷದ ಕೆಲಸ. ನಿಲ್ಲಿಸಿದೆ. ಅಲ್ಲಿಗೆ ಎದ್ದು ಬರಬೇಕಿತ್ತು. ಆದರೆ ರಿಜಿಸ್ಟ್ರಿ ತೆರೆದು ನೋಡಿದರೆ ಹಳೆಯ ಸಾಫ್ಟ್‌ವೇರಿನ ಹೆಸರಿನಲ್ಲಿ ಒಂದು ಇಡೀ ಸಂಸಾರ ಬಿದ್ದಿತ್ತು, ನೂರಾ ನಲವತ್ತು ಚಿಲ್ಲರೆ ನಮೂದು. ನನ್ನ ಕೈ ಕಡಿಯತೊಡಗಿತು. ಅಳಿಸುವ ಮುಂಚೆ ಒಂದು ನಕಲು ತೆಗೆದಿಡಬೇಕು; ಇದು ಕೆಲಸ ಕಲಿಯುವ ಮೊದಲ ದಿನ ಹೇಳಿಕೊಡುವ ಪಾಠ, ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ. ಅವತ್ತು ಪೆನ್‌ಡ್ರೈವು ಪರ್ಸಿನ ತಳದಲ್ಲಿತ್ತು, ಇನ್ನೂ ಎರಡು ಕಡೆ ಹೋಗಬೇಕಿತ್ತು, ಇದೆಲ್ಲ ಸತ್ತ ಸಾಫ್ಟ್‌ವೇರಿನದು ಎಂದು ನನಗೆ ಖಾತ್ರಿಯಿತ್ತು. ಒಂದೇ ಏಟಿಗೆ ಇಡೀ ಸಂಸಾರವನ್ನು ಅಳಿಸಿದೆ. ಮನಸ್ಸಿಗೆ ಭಾಳ ಹಾಯೆನಿಸಿತು.

ಪಕ್ಕದಲ್ಲಿ ಮಷೀನು ಕತ್ತರಿಸುತ್ತಲೇ ಇತ್ತು. ಹೊಸ ಸಾಫ್ಟ್‌ವೇರ್ ತೆರೆದೇ ಇತ್ತು, ಏನೂ ಆಗಲಿಲ್ಲ. ಕ್ಯಾಬಿನ್ನಿಗೆ ಬಂದ ದಿಗಂಬರರಿಗೆ, “ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ ನೋಡಬೇಕ್ರಿ,” ಎಂದೆ.

“ಈಗ ಬ್ಯಾಡ್ರಿ ನೀಲಿಮಾಬಾಯಿ, ಅರ್ಜಂಟ್ ಮಾಲ ನಡದದ. ಹೆಂಗೂ ನಾಳೆ ಖಂಡೇಪೂಜಿಗೆ ಬಂದ್ ಮಾಡಾವ್ರ ಇದ್ದೇವಲ್ಲ,” ಎಂದರು.

ಅದು ನಿಜವೇ. ಆ ಕಂಪ್ಯೂಟರು ವರ್ಷವಿಡೀ ಆರುವುದಿಲ್ಲ. ಮೂರು ಪಾಳಿ, ಹಗಲೂ ರಾತ್ರಿ ಉರಿಯುತ್ತದೆ. ವರ್ಷಕ್ಕೊಮ್ಮೆ, ಖಂಡೇನವಮಿಯ ಆಯುಧಪೂಜೆಗೆ, ಮಷೀನಿನ ಜೊತೆ ಅದಕ್ಕೂ ಬಿಡುವು. ತೊಳೆದು ಒರೆಸಿ ಕುಂಕುಮ ಹಚ್ಚಿ ಚೆಂಡುಹೂವು ಏರಿಸಿದ ಮೇಲೆ ಮರುದಿನ ದಸರೆಯ ಮುಹೂರ್ತದ ತನಕ ಯಾರೂ ಮುಟ್ಟುವಂತಿಲ್ಲ. ಆಗಲಿ ಎಂದು ಹೆಲ್ಮೆಟ್ ಹಾಕಿಕೊಂಡು ಹೊರಟುಬಿಟ್ಟೆ.

ದಸರೆಯ ದಿನ ಬೆಳಿಗ್ಗೆ ಹತ್ತೂವರೆಗೆ ಫೋನು ಬಂತು. ನಾನು ಪೂರಿಗೆ ಕಣಕ ಕಲೆಸುತ್ತಿದ್ದೆ. ದಿಗಂಬರರದು. “ನೀಲಿಮಾಬಾಯಿ, ಇದ್ದಂಗ ಹೊರಟ ಬರ್ರಿ. ಕಂಪ್ಯೂಟರ್ ಚಾಲೂ ಆಗ್ತದ, ಸಾಫ್ಟ್‌ವೇರ್ ತೆರಿವಲ್ದು. ಮುಹೂರ್ತ ಒಂದೂ ಹದಿನೈದರ ತನಕ ಅಷ್ಟ ಅದ.”

ಈ ಮುಹೂರ್ತದ ವಿಷಯ ಹೇಳಬೇಕು. ಪ್ರತಿ ದಸರೆಗೆ ಪೂಜೆ ಇಳಿಸಿದ ಮೇಲೆ ದಿಗಂಬರ ಮೊದಲು ಗಿರಾಕಿಯ ಮಾಲು ಕತ್ತರಿಸುವುದಿಲ್ಲ. ತೆಳು ತಗಡಿನಲ್ಲಿ ಬನ್ನಿ ಎಲೆ ಕತ್ತರಿಸಿ, ಕೆಲಸಗಾರರಿಗೆಲ್ಲ ಒಂದೊಂದು ಹಂಚುತ್ತಾರೆ. ಆ ಮೊದಲ ಕಟಿಂಗ್ ಹೇಗೋ ವರ್ಷವೂ ಹಾಗೆ, ಇದು ಅವರ ನಂಬಿಕೆ. ಒಂದು ವರ್ಷ ಕರೆಂಟು ಹೋಗಿ ಎಲೆ ಅರ್ಧಕ್ಕೇ ನಿಂತಿತ್ತಂತೆ. ಅದೇ ಚಳಿಗಾಲ ಅವರ ತಂದೆ ತೀರಿಕೊಂಡರು. ನಗುವ ಮಾತಲ್ಲ, ಆ ಮನುಷ್ಯ ನಿಜವಾಗಿ ಹೆದರುತ್ತಾರೆ. ಈ ಸಲದ ಎಲೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿದವನು ಜಟ್ಟೆಪ್ಪ. ಪಾಳಿ ಮುಗಿದ ಮೇಲೂ ಕೂತು, ಎಲೆಯ ನರಗಳನ್ನೆಲ್ಲ ಒಂದೊಂದಾಗಿ ಎಳೆದಿದ್ದನಂತೆ.

ಕಣಕದ ಕೈಯನ್ನು ಅರೆಬರೆ ತೊಳೆದು ಹೊರಟೆ. ರಸ್ತೆ ತುಂಬ ಹೂವಿನ ಗಾಡಿ, ಹೊಸ ಬೈಕಿಗೆ ಹಾರ ಹಾಕಿಕೊಂಡು ಮೆರೆಯುವವರು. ಎಲ್ಲರ ಮೇಲೂ ಹಾರ್ನ್ ಹೊಡೆಯುತ್ತ, ಬೈಯುತ್ತ ಭೋಸರಿ ಮುಟ್ಟುವಷ್ಟರಲ್ಲಿ ಹನ್ನೊಂದು ದಾಟಿತ್ತು.

ವರ್ಕ್‌ಶಾಪಿನಲ್ಲಿ ಎಂಟು ಹತ್ತು ಕೆಲಸಗಾರರು ಹೊಸ ಅಂಗಿ ತೊಟ್ಟು ಸುಮ್ಮನೆ ನಿಂತಿದ್ದರು. ಮಷೀನಿನ ಮೈತುಂಬ ಚೆಂಡುಹೂವು. ಕ್ಯಾಬಿನ್ನಿನಲ್ಲಿ ಮಾನಿಟರಿನ ಹಣೆಗೆ ಮೂರು ಬೊಟ್ಟು ಕುಂಕುಮ, ಅದರ ಕೆಳಗೆ ಒಂದು ಪೆಟ್ಟಿಗೆ: ಲೈಸೆನ್ಸ್ ಸಿಗಲಿಲ್ಲ. ನನಗೆ ಬಂದ ಕೂಡಲೇ ಯಾರನ್ನಾದರೂ ಹಿಡಿದು ಝಾಡಿಸಬೇಕೆನಿಸಿತ್ತು. ಹಬ್ಬದ ದಿನ ಮನೆ ಬಿಟ್ಟು ಬಂದವಳಲ್ಲವೇ.

“ಬಂದ್ ಮಾಡಿದವರು ಯಾರು?”

ಜಟ್ಟೆಪ್ಪ ಅರ್ಧ ಕೈ ಎತ್ತಿದ. “ನಾನ್ರಿ ಅಕ್ಕಾರ. ನಿನ್ನಿ, ಪೂಜಿಗಿಂತ ಮೊದಲ.”

“ಹ್ಯಾಂಗ ಬಂದ್ ಮಾಡಿದಿ?”

ಅವನು ಗೋಡೆಯ ಸ್ವಿಚ್ಚಿನ ಕಡೆ ಬೆರಳು ತೋರಿಸಿದ. ಮೂರು ತಿಂಗಳಲ್ಲಿ ಅವನಿಗೆ ಎಲ್ಲ ಕಲಿಸಿದ್ದರು, ಆರಿಸುವುದನ್ನು ಮಾತ್ರ ಕಲಿಸಿರಲಿಲ್ಲ. ಯಾಕೆ ಕಲಿಸುತ್ತಾರೆ, ಅದು ಆರಿದ್ದೇ ಇಲ್ಲವಲ್ಲ.

“ಗ್ವಾಡಿ ಬಟನ್ನಿಂದ ಆರಿಸಿದ್ರ ಇನ್ನೇನ ಆಗ್ತದ? ಇದೇನ ಟ್ಯೂಬ್‌ಲೈಟ ಅದೇನಪಾ?” ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಒಂದಿಬ್ಬರು ನಕ್ಕರು. ದಿಗಂಬರ ನಗಲಿಲ್ಲ. ಜಟ್ಟೆಪ್ಪನನ್ನು ಒಂದು ಗಳಿಗೆ ನೋಡಿ, “ಹೊರಗ ನಡಿ,” ಎಂದರು. ಅವನು ಹೋದ. ನಾನು ಅವನ ಕುರ್ಚಿಯಲ್ಲಿ ಕೂತು, ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡೆ.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆ ಗಾದೆ ಮಾಡಿದವನು ಹೆಂಗಸರನ್ನು ಯಾಕೆ ಬಿಟ್ಟನೋ ಗೊತ್ತಿಲ್ಲ. ಗೋಡೆಯ ಸ್ವಿಚ್ಚಿನಿಂದ ಏನಾದರೂ ಕೆಟ್ಟಿದೆಯೇ ಎಂದು ಮೊದಲು ಹುಡುಕಿದೆ. ಡಿಸ್ಕು ಗಟ್ಟಿಯಾಗಿತ್ತು. ಫೈಲುಗಳು ಒಂದೂ ಮುಕ್ಕಾಗಿರಲಿಲ್ಲ. ಹಾಗಾದರೆ ಲೈಸೆನ್ಸು ಎಲ್ಲಿ ಹೋಯಿತು ಎಂದು, ಹೊಸ ಸಾಫ್ಟ್‌ವೇರ್ ಅದನ್ನು ಎಲ್ಲಿ ಹುಡುಕುತ್ತಿದೆ ಎಂಬುದರ ಬೆನ್ನು ಹತ್ತಿದೆ. ಅದು ರಿಜಿಸ್ಟ್ರಿಯಲ್ಲಿ ಹಳೆಯ ಸಾಫ್ಟ್‌ವೇರಿನ ಹೆಸರಿನ ಕೆಳಗೆ ಹುಡುಕುತ್ತಿತ್ತು. ಒಂದೇ ಕಂಪನಿಯವಲ್ಲವೇ, ಹೊಸದು ಬಂದಾಗ ತನ್ನ ಲೈಸೆನ್ಸನ್ನು ಹಳೆಯದರ ಗೂಡಿನಲ್ಲೇ ಇಟ್ಟುಕೊಂಡಿತ್ತು. ಆ ಗೂಡಿಗೆ ಹೋಗಿ ನೋಡಿದರೆ ಗೂಡೇ ಇಲ್ಲ. ಅಷ್ಟಮಿಯ ದಿನ ನಾನು ಸಾರಿಸಿ ಗುಡಿಸಿ ಹೋಗಿದ್ದೆ.

ಅವತ್ತು ಅದು ನಡೆದಿದ್ದು ಹೇಗೆ ಎಂಬುದೂ ತಿಳಿಯಿತು. ತೆರೆದಿದ್ದ ಸಾಫ್ಟ್‌ವೇರ್ ಲೈಸೆನ್ಸನ್ನು ಆಗಲೇ ನೋಡಿಕೊಂಡಿತ್ತು. ಆರುವ ತನಕ ಮತ್ತೆ ಕೇಳುವ ಪ್ರಸಂಗ ಬರಲಿಲ್ಲ. ಜಟ್ಟೆಪ್ಪ ಗೋಡೆಯಿಂದ ಆರಿಸಿದ್ದರೂ ಅಷ್ಟೇ, ನಾನೇ ಬಂದು ಶಾಸ್ತ್ರೋಕ್ತವಾಗಿ ಆರಿಸಿದ್ದರೂ ಅಷ್ಟೇ. ಇವತ್ತು ಇದು ತೆರೆಯುತ್ತಿರಲಿಲ್ಲ.

ಗಡಿಯಾರ ನೋಡಿದೆ, ಹನ್ನೊಂದೂವರೆ. ಕಂಪನಿಗೆ ಫೋನು ಮಾಡಿದೆ, ರಿಂಗಾಗಿ ಆಗಿ ಕಡಿಯಿತು. ದಸರೆಯ ದಿನ ಯಾರು ಎತ್ತುತ್ತಾರೆ. ಬಾಟಲಿಯ ನೀರು ಪೂರ್ತಿ ಕುಡಿದೆ. ಎದ್ದೆ, ಕೂತೆ. ಬಾಗಿಲು ತೆರೆದು ‘ದಿಗಂಬರ ಅವರ, ಒಂದ ಮಿನಿಟ್’ ಎಂದಿದ್ದರೆ ಮುಗಿಯುತ್ತಿತ್ತು. ಮೊದಲು ಸರಿಮಾಡೋಣ, ಆಮೇಲೆ ಹೇಳೋಣ ಎಂದುಕೊಂಡೆ. ಸರಿಯಾದ ಮೇಲೆ ಹೇಳುವ ಅಗತ್ಯವೇ ಇರಲಿಕ್ಕಿಲ್ಲ ಎಂದು ಒಳಗಿನ ಇನ್ನೊಬ್ಬಳು ಸೇರಿಸಿದಳು. ಈ ಕೈಗಾರಿಕಾ ವಸಾಹತಿನ ಹನ್ನೊಂದು ವರ್ಕ್‌ಶಾಪುಗಳಿಗೆ ನನ್ನ ಹೆಸರು ಹೇಳಿಕೊಟ್ಟವರೇ ದಿಗಂಬರ. ಹದಿನೆಂಟು ವರ್ಷದ ಹೆಸರು.

ತಲೆ ಎತ್ತಿದಾಗ ಗಾಜಿನಾಚೆ ಜಟ್ಟೆಪ್ಪ ಮಷೀನಿನ ಮುಂದೆ ನಿಂತಿದ್ದ. ದಿಗಂಬರ ಅವನ ಕೈಗೆ ತೆಂಗಿನಕಾಯಿ ಕೊಟ್ಟು ಅಂಗಳಕ್ಕೆ ಹೋದರು. ಅವನು ಅದನ್ನು ಮಷೀನಿನ ಬುಡಕ್ಕೆ ಒಡೆದ. ಉಳಿದವರು ಚಪ್ಪಲಿ ಬಿಟ್ಟು ಹಿಂದೆ ಸರಿದರು. ಆಮೇಲೆ ಅವನು ಎರಡೂ ಕಿವಿ ಹಿಡಿದು ಬಗ್ಗಿದ, ಎದ್ದ, ಬಗ್ಗಿದ. ಕೆನ್ನೆ ಕೆನ್ನೆ ಬಡಿದುಕೊಂಡ. ದೇವರ ಮುಂದೆ ನಾವೂ ಮೆಲ್ಲಗೆ ತಟ್ಟಿಕೊಳ್ಳುತ್ತೇವೆ; ಅವನು ಹಾಗೆ ತಟ್ಟಿಕೊಳ್ಳುತ್ತಿರಲಿಲ್ಲ, ಹೊಡೆದುಕೊಳ್ಳುತ್ತಿದ್ದ. ಬಾಯಿ ಏನೋ ಹೇಳುತ್ತಿತ್ತು. ಗಾಜು ದಪ್ಪನೆಯದು, ನನಗೆ ಕೇಳಿಸಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಎತ್ತು ಗಾಜಿನ ಒಳಗೆ ಫ್ಯಾನಿನ ಕೆಳಗೆ ಕೂತು ನೋಡುತ್ತಿತ್ತು. ಬಾಗಿಲು ನನ್ನಿಂದ ಮೂರು ಹೆಜ್ಜೆ ದೂರ. ನಾನು ಏಳಲಿಲ್ಲ. ಮುಖ ತಿರುಗಿಸಿ ಪರದೆ ನೋಡಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ, ಆದರೆ ಆಗ ಆಗಿದ್ದು ನಾಚಿಕೆಗಿಂತ ಹೆಚ್ಚು ಹೆದರಿಕೆ.

ಆ ಹಳೆಯ ವಿಂಡೋಸಿಗೆ ಒಂದು ಒಳ್ಳೆಯ ಚಾಳಿಯುಂಟು. ಹತ್ತು ದಿನಕ್ಕೊಮ್ಮೆ ತನ್ನ ದಫ್ತರದ ನಕಲನ್ನು ಯಾರಿಗೂ ಹೇಳದೆ ತಾನೇ ಒಂದು ಮೂಲೆಯಲ್ಲಿ ತೆಗೆದಿಡುತ್ತದೆ. ಆ ನಕಲು ಅಷ್ಟಮಿಗಿಂತ ಮುಂಚಿನದಾಗಿದ್ದರೆ ಬದುಕಿದೆ. ಆಮೇಲಿನದಾಗಿದ್ದರೆ ಅದರಲ್ಲೂ ನನ್ನ ಗುಡಿಸಿದ ನೆಲವೇ. ತಾರೀಕು ನೋಡಲು ಆ ಮೂಲೆ ಹುಡುಕತೊಡಗಿದೆ. ಅಷ್ಟರಲ್ಲಿ ರಾಜೀವನ ಫೋನು. “ಶ್ರೀಖಂಡ ಹುಳಿ ಆಗ್ಲಿಕತ್ತದ. ಎಷ್ಟ ಹೊತ್ತಿಗೆ ಬರ್ತಿ?” ಅವನಿಗೆ ಏನು ಹೇಳಿದೆನೋ ನೆನಪಿಲ್ಲ, ಒಳ್ಳೆಯ ಮಾತಂತೂ ಅಲ್ಲ.

ತಾರೀಕು ಅಷ್ಟಮಿಗಿಂತ ನಾಲ್ಕು ದಿನ ಮುಂಚಿನದಿತ್ತು.

ಈ ಸಲ ಅವಸರ ಮಾಡಲಿಲ್ಲ. ಮೊದಲು ಇದ್ದುದರ ನಕಲು ತೆಗೆದು ಪೆನ್‌ಡ್ರೈವಿಗೆ ಹಾಕಿದೆ. ಬುದ್ಧಿ ಬರುವುದು ಹೀಗೆ, ಕಳ್ಳ ಹೋದ ಮೇಲೆ ಅಗುಳಿ. ಹಳೆಯ ದಫ್ತರವನ್ನು ಪಕ್ಕದಲ್ಲಿ ತೆರೆದು, ನಾನು ಅಳಿಸಿದ ಸಂಸಾರವನ್ನಷ್ಟೇ ಎತ್ತಿ, ಇದ್ದ ಜಾಗದಲ್ಲಿ ಕೂಡಿಸಿದೆ. ಕಂಪ್ಯೂಟರನ್ನು ಸರಿಯಾದ ರೀತಿಯಲ್ಲಿ ಆರಿಸಿ ಹಚ್ಚಿದೆ. ಹನ್ನೆರಡೂ ಐವತ್ತಕ್ಕೆ ಸಾಫ್ಟ್‌ವೇರ್ ತೆರೆಯಿತು. ಪರದೆಯ ಮೇಲೆ ಜಟ್ಟೆಪ್ಪನ ಬನ್ನಿ ಎಲೆ ಬಂತು. ನರಗಳನ್ನು ನಿಜವಾಗಿಯೂ ಚೆಂದ ಎಳೆದಿದ್ದ.

ದಿಗಂಬರ ಓಡಿ ಬಂದರು. ಪರದೆ ನೋಡಿ ಎರಡೂ ಕೈ ಮುಗಿದರು, ನನಗೋ ಕಂಪ್ಯೂಟರಿಗೋ. “ಏನಾಗಿತ್ರಿ?”

“ರಿಜಿಸ್ಟ್ರಿ ಕೆಟ್ಟಿತ್ರಿ.”

ನಮ್ಮ ಧಂಧೆಯಲ್ಲಿ ಇದೊಂದು ದೊಡ್ಡ ಸೌಕರ್ಯ. ಖರೆ ಹೇಳಿದರೂ ಯಾರಿಗೂ ತಿಳಿಯುವುದಿಲ್ಲ.

“ಗ್ವಾಡಿಯಿಂದ ಆರಿಸಿದ್ದಕ್ಕ, ಹೌದಲ್ಲ?” ಎಂದರು.

ನಾನು ಪೆನ್‌ಡ್ರೈವನ್ನು ಪರ್ಸಿಗೆ ಹಾಕಿದೆ. ಪರ್ಸಿನ ಜಿಪ್ ಎಳೆದೆ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಅದರ ಜೊತೆ ಗುದ್ದಾಡಿದೆ. ಅವರು ನನ್ನ ಮೌನವನ್ನು ಹೌದು ಎಂದು ತೆಗೆದುಕೊಂಡರು. ಅವರಿಗೆ ಹಾಗೆ ತೆಗೆದುಕೊಳ್ಳಲು ಬಿಟ್ಟವಳು ನಾನು.

“ಇರ್ಲಿ, ಮಷೀನ ನಡೀತು, ಛಲೋ ಆತು,” ಎಂದು ನಾನೇ ಮುಂದಾಗಿ ಹೇಳಿದೆ. “ಇನ್ನ ಅವನ ಮ್ಯಾಲೆ ಸಿಟ್ಟ ಇಟಗೋಬ್ಯಾಡ್ರಿ.”

“ಸಿಟ್ಟ ಇಲ್ರಿ. ಖರೇನ ಸಿಟ್ಟ ಇಲ್ಲ,” ಎಂದರು ದಿಗಂಬರ. “ಐದ ವರ್ಷ ಇದ್ದಾನ, ಮನಷಾ ಛಲೋ. ಆದ್ರ ದಸರಾದ ದಿನ ಅವನ ಕೈಲಿಂದ ಮಷೀನ ನಿಂತಿತು. ಆ ಕೈ ನನಗ ಬ್ಯಾಡ. ಖೋಲಿ ಖಾಲಿ ಮಾಡು ಅಂತ ಆಗಲೇ ಹೇಳೇನಿ.”

ಮಷೀನು ನಡೆದರೆ ಇವರ ಮನಸ್ಸು ತಿರುಗುತ್ತದೆ, ಜಟ್ಟೆಪ್ಪನ ಕೆಲಸ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ ಎಂದು ಹನ್ನೊಂದೂವರೆಯಿಂದ ಲೆಕ್ಕ ಹಾಕುತ್ತ ಕೂತಿದ್ದೆ. ಆ ಲೆಕ್ಕವೆಲ್ಲ ಸುಳ್ಳಾಯಿತು. ಇವರನ್ನು ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಯಾವ ಮುಖ ಇಟ್ಟುಕೊಂಡು ಬೈಯಲಿ.

ಆಗ ಬಾಗಿಲಲ್ಲಿ ಶಿವಕಾಂತಾ ಕಾಣಿಸಿದಳು. ಹಬ್ಬಕ್ಕೆ ಉಟ್ಟ ಹಸಿರು ಸೀರೆ, ಕಂಕುಳಲ್ಲಿ ಒಂದು ಹಾಸಿಗೆಯ ಗಂಟು. ಆಕೆಯ ಹಿಂದೆ ಅಂಗಳದಲ್ಲಿ ಒಂದು ತಗಡಿನ ಟ್ರಂಕು, ಅದರ ಮೇಲೆ ಕುಕ್ಕರು. ಜಟ್ಟೆಪ್ಪ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ಅವಳು ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ನನ್ನನ್ನು ನೋಡಿದಳು. ಅಳುತ್ತಿರಲಿಲ್ಲ.

“ಅಕ್ಕಾರ, ನೀವು ಬಲ್ಲವರು. ಒಂದ ಕೇಳತೀನ್ರಿ. ಆ ಬಟನ್ ಆರಿಸಿದ್ದಕ್ಕಷ್ಟೆ ಹಿಂಗಾಗ್ಯಾದೋ, ಇಲ್ಲಾ ಇವರು ದಿನಾ ಮೌಸ ಹಿಡೀತಿದ್ರಲ್ಲ, ಅದರಾಗ ಮೊದಲೇ ಏನಾರ ತಪ್ಪ ಮಾಡ್ಯಾರೋ? ಊರಿಗಿ ಹೋದ ಮ್ಯಾಲ ಮಂದಿ ಕೇಳತಾರರಿ. ಏನ ಹೇಳಬೇಕು, ಖರೇದು ಗೊತ್ತಿರಬೇಕಲ್ಲರಿ.”

ದಿಗಂಬರ ಕೇಳಿದಾಗ ಅಡ್ಡದಾರಿ ಇತ್ತು. ಇವಳ ಪ್ರಶ್ನೆಗೆ ರಿಜಿಸ್ಟ್ರಿ ಕೆಟ್ಟಿತ್ತು ಎಂದರೆ, ಯಾರು ಕೆಡಿಸಿದರು ಎಂಬುದೇ ಅವಳಿಗೆ ಬೇಕಾಗಿದ್ದು.

“ಅವನ ಕೈಲಿಂದ ಏನೂ ಕೆಟ್ಟಿಲ್ಲವ್ವಾ,” ಎಂದೆ. ನನ್ನ ದನಿ ನನಗೇ ಸಣ್ಣದೆನಿಸಿತು. ಇನ್ನೊಮ್ಮೆ ಜೋರಾಗಿ ಹೇಳಿದೆ. “ಬಟನ್‌ನಿಂದನೂ ಅಲ್ಲ, ಮೌಸ್‌ನಿಂದನೂ ಅಲ್ಲ. ಕೆಡಿಸಿದಾಕಿ ನಾನು. ಅಷ್ಟಮಿ ದಿನ ಕಸ ಅಂತ ಅಳಿಸಿದ್ನಲ್ಲ, ಅದರಾಗ ಈ ಸಾಫ್ಟ್‌ವೇರಿನ ಲೈಸೆನ್ಸ ಇತ್ತು. ನೋಡದ ಅಳಿಸಿದೆ. ಅವತ್ತ ಕಂಪ್ಯೂಟರ್ ಆರಲಿಲ್ಲ, ಅದಕ್ಕ ತಿಳೀಲಿಲ್ಲ. ನಿನ್ನೆ ಯಾರು ಆರಿಸಿದ್ರೂ, ಹ್ಯಾಂಗ ಆರಿಸಿದ್ರೂ, ಇವತ್ತ ಇದು ನಿಂದರತಿತ್ತು.”

ಶಿವಕಾಂತಾ ಗಂಟನ್ನು ಕಂಕುಳಿಂದ ಇಳಿಸಿ ನೆಲಕ್ಕಿಟ್ಟಳು. ದಿಗಂಬರ ನನ್ನನ್ನೇ ನೋಡುತ್ತಿದ್ದರು. ಬೈಯುತ್ತಾರೆ, ಇನ್ನು ಮುಂದೆ ಬರಬೇಡಿ ಅನ್ನುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ನಿಮಗ ಯಾವಾಗ ತಿಳೀತು?” ಎಂದು ಕೇಳಿದರು.

“ಹನ್ನೊಂದೂವರಿಗೆ.”

ಅವರು ಗಾಜಿನಾಚೆ ಮಷೀನಿನ ಬುಡದಲ್ಲಿ ಬಿದ್ದಿದ್ದ ಕಾಯಿಯ ಹೋಳುಗಳನ್ನು ನೋಡಿದರು. “ಹನ್ನೊಂದೂವರಿಗೆ,” ಎಂದು ತಮ್ಮಷ್ಟಕ್ಕೆ ಅಂದರು. ನನ್ನ ಕೆಲಸದ ವಿಷಯ ಅವರು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಕರೆಯುವುದನ್ನು ಬಿಟ್ಟರು ಅಷ್ಟೇ.

ಗಡಿಯಾರದಲ್ಲಿ ಒಂದೂ ಐದು. ದಿಗಂಬರ ಬಾಗಿಲಿಗೆ ಹೋಗಿ, “ಜಟ್ಟೆಪ್ಪಾ, ಹಗ್ಗ ಬಿಡು. ಬಾ ಇಲ್ಲೆ,” ಎಂದು ಕರೆದರು. ಅವನು ಬಂದ. ಹೊಸ ಅಂಗಿಯ ಮೇಲೆ ಟ್ರಂಕಿನ ತುಕ್ಕು ಹತ್ತಿತ್ತು. ಎಡಗೆನ್ನೆ ಇನ್ನೂ ಕೆಂಪಾಗಿತ್ತು. ಹೆಂಡತಿ ಅವನಿಗೆ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡ. ನನ್ನ ಕಡೆ ನೋಡಲಿಲ್ಲ.

“ನಂದ ತಪ್ಪಾತೋ,” ಎಂದರು ದಿಗಂಬರ. ಒಬ್ಬ ಮಾಲಕ ಕೆಲಸಗಾರನಿಗೆ ಹೀಗೆ ಅಂದದ್ದನ್ನು ನಾನು ಈ ವಸಾಹತಿನಲ್ಲಿ ಕೇಳಿರಲಿಲ್ಲ. “ಖೋಲಿಯೊಳಗ ಸಾಮಾನ ಹಚ್ಚರಿ. ನೀ ಕೂಡು, ಎಲಿ ನೀ ಮಾಡಿದ್ದು, ನೀನ ಒತ್ತು. ಮುಹೂರ್ತ ಇನ್ನೂ ಹತ್ತ ಮಿನಿಟ ಅದ.”

ನಾನು ಕುರ್ಚಿ ಬಿಟ್ಟು ಎದ್ದು ಗೋಡೆಗೆ ಸರಿದೆ. ಜಟ್ಟೆಪ್ಪ ಕುರ್ಚಿಯ ಹತ್ತಿರ ಬಂದ. ಪರದೆಯ ಮೇಲಿನ ಎಲೆಯನ್ನು ನೋಡಿದ. ಮೌಸನ್ನು ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಬ್ಯಾಡ್ರಿ ಸಾವ್ಕಾರ್ರ.”

“ಯಾಕೋ? ನಿನ್ನ ತಪ್ಪಿಲ್ಲ ಅಂತ ಬಾಯಾರ ಹೇಳ್ಯಾರಲ್ಲ.”

“ಹೇಳ್ಯಾರ್ರಿ.” ಅವನು ಮಷೀನಿನ ಬುಡದ ಕಡೆ ನೋಡಿದ. “ಆದ್ರ ಕಾಯಿ ಒಡದಾಗ ನಾ ನುಡದೀನ್ರಿ. ನನ್ನ ಕೈ ಇನ್ನ ಈ ಕಂಪ್ಯೂಟರ ಮುಟ್ಟಂಗಿಲ್ಲ, ಮಷೀನ ಚಾಲೂ ಆಗ್ಲಿ ಅಂತ. ಚಾಲೂ ಆಗ್ಯಾದಲ್ರಿ.”

ಬೇರೆ ಯಾರಾದರೂ ಆಗಿದ್ದರೆ, ಹುಚ್ಚಾ, ಇದೆಲ್ಲ ಏನ ಹಚ್ಚಿ ಎಂದು ತಲೆಗೊಂದು ತಟ್ಟಿ ಕೂಡಿಸುತ್ತಿದ್ದರೋ ಏನೋ. ದಿಗಂಬರ ಹಾಗೆ ಅನ್ನುವ ಮನುಷ್ಯನಲ್ಲ. ಖಂಡೇಪೂಜೆಯ ಮಷೀನಿನ ಮುಂದೆ, ದಸರೆಯ ದಿನ, ಕಾಯಿ ಒಡೆದು ನುಡಿದ ಮಾತು. ಆ ಕಾಯಿಯನ್ನು ಅವನ ಕೈಗೆ ಕೊಟ್ಟವರೇ ಅವರು.

ನಾನು ಸುಮ್ಮನಿರಲಾರದವಳು. “ಜಟ್ಟೆಪ್ಪಾ, ಅದು ಚಾಲೂ ಆಗಿದ್ದು ನಿನ್ನ ಮಾತಿನಿಂದಲ್ಲ. ನಾ ಸರಿ ಮಾಡಿದ್ದಕ್ಕ ಚಾಲೂ ಆತು. ಕೆಡಿಸಿದಾಕಿ ನಾನು, ಸರಿ ಮಾಡಿದಾಕಿನೂ ನಾನು. ನೀ ನಡುವ ಇಲ್ಲೇ ಇಲ್ಲಪಾ. ನೀ ಮಾತ ಕೊಟ್ಟಾಗ ನಾ ಇಲ್ಲೇ ಕೂತಿದ್ದೆ, ಗೊತ್ತಿದ್ದು ಕೂತಿದ್ದೆ. ಆ ಪಾಪ ನನ್ನ ಮ್ಯಾಲಿರಲಿ. ನೀ ಕೂಡು.”

ಅವನು ಮೊದಲ ಸಲ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ನನಗೆ ಸಮಾಧಾನ ಹೇಳಬೇಕೆಂದು ತೋರಿರಬೇಕು ಅವನಿಗೆ, ಅದನ್ನೇ ನನಗೆ ತಡೆಯಲಾಗಲಿಲ್ಲ.

“ಇರ್ಲಿ ಬಿಡ್ರಿ ಅಕ್ಕಾರ. ನಿಮ್ಮ ಕಂಪ್ಯೂಟರದಾಗ ಅಳಿಸಿದ್ದ ಮತ್ತ ಬರತದಂತ ತೋರಸೀರಿ. ನಾ ಬಾಯಿಲೆ ಅಂದೀನ್ರಿ, ಹತ್ತ ಮಂದಿ ಕೇಳ್ಯಾರ.”

ಒಂದೂ ಹದಿಮೂರಕ್ಕೆ ದಿಗಂಬರ ತಾವೇ ನಿಂತುಕೊಂಡು ಬಟನ್ ಒತ್ತಿದರು. ಕುರ್ಚಿ ಖಾಲಿಯೇ ಇತ್ತು. ಮಷೀನಿನ ಕಿಡಿ ಹಾರಿತು, ಹೊರಗೆ ನಿಂತವರು ಕೈ ಮುಗಿದರು, ಎಲೆಗಳು ಒಂದೊಂದಾಗಿ ತಗಡಿನಿಂದ ಬಿಡಿಸಿಕೊಂಡು ಜಾಲರಿಗೆ ಬಿದ್ದವು. ಶಿವಕಾಂತಾ ಗಂಟನ್ನು ಎತ್ತಿಕೊಂಡು ಹಿಂದಿನ ಖೋಲಿಗೆ ಹೋದಳು. ಕೆಲಸ ಉಳಿದಿತ್ತು, ಖೋಲಿ ಉಳಿದಿತ್ತು. ಅವಳ ನಡಿಗೆಯಲ್ಲಿ ಅದರ ನೆಮ್ಮದಿಯೂ ಇತ್ತು. ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೇ ಇದ್ದೆ. ಹೋಗಲು ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಎಲೆಗಳನ್ನು ತೆಗೆದ ಮೇಲೆ ಮಷೀನಿನ ಮೇಜು ಖಾಲಿಯಾಯಿತು. ಗಿರಾಕಿಯ ಮಾಲು ಶುರುವಾಗಬೇಕಿತ್ತು. ಜಟ್ಟೆಪ್ಪ ಗೂಟಕ್ಕೆ ನೇತು ಹಾಕಿದ್ದ ಹಳೇ ಕೈಗವಸುಗಳನ್ನು ಇಳಿಸಿ ಕೊಡವಿದ. ಮೂರು ತಿಂಗಳ ಧೂಳು ಎದ್ದಿತು. ಹಾಕಿಕೊಂಡು, ಇನ್ನೊಂದು ತುದಿಗೆ ಯಾರನ್ನೋ ಕರೆದು, ತಗಡು ಎತ್ತಿದ.